ಸಾಮಾನು ಶೆಡ್ಡಿನ ಬಾಗಿಲು ಕತ್ತರಿಸದೇ ಇದ್ದುದರ ಬಗ್ಗೆ

ನಾನು, ಊರಿನವರೆಲ್ಲ ವೆಲ್ಡಿಂಗ್ ಮಾವ ಎಂದು ಕರೆಯುವವನು, ವಯಸ್ಸು 41 ವರ್ಷ, ಕಸುಬು ಗೇಟು ಮತ್ತು ಕಿಟಕಿಗಳ ವೆಲ್ಡಿಂಗ್ ಕೆಲಸ, ವಾಸ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿಗೆ ಅಂಟಿಕೊಂಡಿರುವ ಮನೆ, ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಒಬ್ಬಳೇ ತಂಗಿಯ ಗಂಡ, ಅಂದರೆ ನನ್ನ ಭಾವ, ಊರಾಚೆಯ ಕಲ್ಲುಕ್ವಾರಿಯಲ್ಲಿ ಕಲ್ಲು ಒಡೆಯುವ ಕೂಲಿ ಕೆಲಸ ಮಾಡಿಕೊಂಡಿರುತ್ತಾನೆ. ಮಾತು ಕಡಿಮೆ. ಒಂದು ಮಾತಿಗೆ ಎರಡು ಸಲ ತಲೆಯಾಡಿಸುವ ಮನುಷ್ಯ.

ನಿನ್ನೆ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ತಂಗಿ ಅಂಗಡಿಗೆ ಓಡಿಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕ್ವಾರಿಯ ಪಂಪಿನ ತಾಮ್ರದ ತಂತಿ ಕಳುವಾಗಿದೆಯೆಂದು ಸೂಪರ್‌ವೈಸರ್ ಭಾವನನ್ನು ಸಾಮಾನು ಶೆಡ್ಡಿಗೆ ಹಾಕಿ ಬೀಗ ಜಡಿದಿದ್ದಾನೆ, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಬಿಡುತ್ತೇನೆ ಎನ್ನುತ್ತಿದ್ದಾನೆ ಎಂದು ತಿಳಿಸಿದಳು.

ಸದರಿ ಶೆಡ್ಡಿನ ಬಾಗಿಲು ಮಾಡಿಕೊಟ್ಟವನು ನಾನೇ. ಗೋಡೆ, ಮಾಡು ಎಲ್ಲವೂ ತಗಡು, ಕಿಟಕಿ ಇಲ್ಲ. ಬಿಸಿಲೇರಿದರೆ ಒಳಗೆ ಕಬ್ಬಿಣ ಮುಟ್ಟಲು ಆಗುವುದಿಲ್ಲ. ಆ ಬಾಗಿಲಿನ ಕೀಲು ಎಲ್ಲಿ ಕೂತಿದೆ, ಎಲ್ಲಿ ಬ್ಲೇಡು ಇಟ್ಟರೆ ಬೇಗ ಬಿಡುತ್ತದೆ ಎಂಬುದು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಬ್ಯಾಟರಿಯ ಕಟಿಂಗ್ ಮೆಷಿನ್ ಬೈಕಿಗೆ ಕಟ್ಟಿ, ತಂಗಿಗೆ ಹತ್ತು ಎಂದೆ. ಆಕೆ ಹತ್ತಲಿಲ್ಲ. ಮೊದಲು ಕೋರ್ಟಕ್ಕನಿಗೆ ಹೇಳಬೇಕು ಎಂದಳು. ಸಭೆ ಮಾಡುವ ಹೊತ್ತಲ್ಲ ಇದು ಎಂದು ಗದರಿದೆ. ಅವಳು ತಿರುಗಿಯೂ ನೋಡದೆ ಕೇರಿಯ ಕಡೆ ಓಡಿದಳು.

ಕೋರ್ಟಕ್ಕ ಎಂದರೆ ನಮ್ಮ ಕಡೆಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಈಗ ಉಚಿತ ಕಾನೂನು ನೆರವು ಸಮಿತಿಯ ಸ್ವಯಂಸೇವಕಿ. ವಾರಕ್ಕೊಮ್ಮೆ ಕ್ವಾರಿ ಕೇರಿಯ ನೀರಿನ ಟ್ಯಾಂಕಿನ ಕೆಳಗೆ ಕೂಲಿಯವರನ್ನು ಕೂರಿಸಿಕೊಂಡು ಕಾನೂನು ಹೇಳುತ್ತಾರೆ. ಅವರ ಗಂಟಲಿಗೆ ಮೈಕು ಬೇಡ. ಹಿಂದೆ ಕೂತವರು ಮುಂದೆ ಬನ್ನಿ ಎಂದು ಕೂಗಿದರೆ ರಸ್ತೆಯಲ್ಲಿ ಹೋಗುವವರೂ ಎರಡು ಹೆಜ್ಜೆ ಮುಂದೆ ಬರುತ್ತಾರೆ. ಇದರಿಂದ ಏನು ಉಪಯೋಗ ಎಂದು ನಾನು ನಗುತ್ತಿದ್ದುದು ನಿಜ.

ನಾನು ಕ್ವಾರಿ ತಲುಪಿ, ಮೆಷಿನ್ನಿಗೆ ಹೊಸ ಬ್ಲೇಡು ಹಾಕುವಷ್ಟರಲ್ಲಿ ಕೋರ್ಟಕ್ಕ, ತಂಗಿ ಮತ್ತು ಕೇರಿಯ ಹೆಂಗಸರು ಹತ್ತು ಹನ್ನೆರಡು ಜನ ಗೂಡ್ಸ್ ಆಟೋದಲ್ಲಿ ಬಂದಿಳಿದರು. ಕೋರ್ಟಕ್ಕ ನೇರವಾಗಿ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಅವರ ಮಾತು ಹೀಗಿತ್ತು:

"ತಮ್ಮಾ, ಮೆಷಿನ್ ಕೆಳಗಿಡು. ನೀನು ಬಾಗಿಲು ಕತ್ತರಿಸಿದ್ರೆ, ಅವ್ನು ಹೊರಗೆ, ನೀನು ಒಳಗೆ. ಬಾಗಿಲು ಮುರಿದು ಸಾಮಾನು ದೋಚಿದ್ರು ಅಂತ ಕೇಸು ಹಾಕ್ತಾರೆ. ಅವ್ರು ಕಾಯ್ತಾ ಇರೋದೇ ಅದಕ್ಕೆ."

ಒಳಗೆ ಮನುಷ್ಯ ಬೇಯುತ್ತಿದ್ದಾನೆ ಎಂದು ನಾನು ಕಿರುಚಿದೆ. ಅದಕ್ಕೆ ಅವರು ಸಣ್ಣ ದನಿಯಲ್ಲಿ, "ಗೊತ್ತು ಕಣೋ. ಅವ್ನು ಮಾತಾಡ್ತಾ ಇರೋ ತನಕ ಕಾಯೋಣ. ದನಿ ನಿಂತ್ರೆ ನಾನೇ ಹೇಳ್ತೀನಿ, ಕತ್ತರಿಸು ಅಂತ. ಹೇಳಿದ್ದು ನಾನೇ ಅಂತ ನನ್ನ ಹೆಸರೂ ಬರೆಸು" ಎಂದರು. ಹಾಗೆಂದು ಬಾಗಿಲಿನ ತಗಡಿಗೆ ಕಿವಿ ಇಟ್ಟರು.

ಬಾಗಿಲ ಕೆಳಗೆ ಎರಡು ಬೆರಳು ಸಂದು ಇತ್ತು. ಅಲ್ಲೇ ಬಿದ್ದಿದ್ದ, ನೀರು ತುಂಬಿ ಮಟ್ಟ ನೋಡುವ ಸಣ್ಣ ಲೆವೆಲ್ ಪೈಪನ್ನು ತೊಳೆದು ಸಂದಿನಲ್ಲಿ ತೂರಿಸಿ, ಈಚೆಯಿಂದ ನಾನು ನೀರು ಹೊಯ್ದೆ. ಆಚೆಯಿಂದ ಭಾವ ಹೀರಿಕೊಂಡ. ತಂಗಿ ನೆಲದ ಮೇಲೆ ಕೂತು, ಸಂದಿಗೆ ಬಾಯಿಟ್ಟು ಮಾತಾಡತೊಡಗಿದಳು. ಮೇಕೆ ಕಟ್ಟಿದ ಹಗ್ಗ ಸವೆದಿದೆ ಎಂದಳು. ಮಗಳಿಗೆ ಶಾಲೆಯಲ್ಲಿ ಮುಂದಿನ ಬೆಂಚು ಸಿಕ್ಕಿದೆ ಎಂದಳು. ಮಾತು ತೀರಿಹೋದಾಗ ಹಳೆಯ ಜಗಳ ತೆಗೆದಳು. ಮದುವೆಗೆ ನಿಮ್ಮಕ್ಕ ತಂದ ಸೀರೆ ನನಗೆ ಇವತ್ತಿಗೂ ಹಿಡಿಸಿಲ್ಲ ಎಂದಳು. ಪ್ರತಿಯೊಂದಕ್ಕೂ ಒಳಗಿನಿಂದ ಹೂಂ ಎಂದು ಬರುತ್ತಿತ್ತು. ಒಂದು ಹೂಂ ತಡವಾದಾಗ ನಾನು ಮೆಷಿನ್ ಎತ್ತಿಕೊಂಡೆ. ಕೋರ್ಟಕ್ಕ ನನ್ನ ತೋಳು ಹಿಡಿದರು. ಆಮೇಲೆ ಹೂಂ ಬಂತು.

ಅಷ್ಟರಲ್ಲಿ ಸೂಪರ್‌ವೈಸರ್ ಬಂದು, ಕಳ್ಳನಿಗೆ ಇಷ್ಟು ಜನ ನೆಂಟರೇ ಎಂದು ಕೇಳಿದನು. ಕೋರ್ಟಕ್ಕ ತಮ್ಮ ಬಸ್ಸಿನ ದನಿ ತೆಗೆದರು. "ಅನುಮಾನ ಇದ್ರೆ ಪೊಲೀಸ್ರಿಗೆ ಒಪ್ಸಿ. ಪೊಲೀಸ್ರಿಗೇ ಒಬ್ಬನ್ನ ಇಟ್ಕೊಳ್ಳೋಕೆ ಇಪ್ಪತ್ನಾಲ್ಕು ಗಂಟೆ ಲೆಕ್ಕ ಇದೆ, ಅಷ್ಟರೊಳಗೆ ಜಡ್ಜ್ ಮುಂದೆ ನಿಲ್ಲಿಸ್ಬೇಕು. ಬೀಗ ಹಾಕೋಕೆ ನೀವು ಯಾರ್ರೀ?" ಜಲ್ಲಿ ಒಡೆಯುವ ಕ್ರಷರ್ ನಿಂತಿತು. ಕೆಲಸದವರು ಒಬ್ಬೊಬ್ಬರಾಗಿ ಸುತ್ತ ಬಂದು ನಿಂತರು. ಸೂಪರ್‌ವೈಸರ್ ಬೀಗದ ಕೈಯನ್ನು ಜೇಬಿನಲ್ಲಿ ಇನ್ನಷ್ಟು ಒಳಗೆ ತಳ್ಳಿಕೊಂಡನು.

ಕೋರ್ಟಕ್ಕ ಇದೇ ಠಾಣೆಗೆ ಫೋನು ಮಾಡಿದರು. ಸಾಹೇಬರು ಇಲ್ಲ, ನಾಳೆ ಬನ್ನಿ ಎಂದು ಉತ್ತರ ಬಂತು. ಈ ಮಾತನ್ನು ಬರೆಯಲೇಬೇಕೇ ಎಂದು ಈಗ ಬರೆದುಕೊಳ್ಳುತ್ತಿರುವವರು ನನ್ನನ್ನು ಕೇಳಿದ್ದು, ಬರೆಯಬೇಕೆಂದು ನಾನು ತಿಳಿಸಿರುತ್ತೇನೆ. ಕೋರ್ಟಕ್ಕ ಜಗಳಕ್ಕೆ ನಿಲ್ಲದೆ, ಮಾತಾಡುತ್ತಿರುವುದು ಯಾರು ಎಂದಷ್ಟೇ ಕೇಳಿಕೊಂಡು, ಸಮಿತಿಯ ವಕೀಲರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದರು. ಸ್ವಲ್ಪ ಹೊತ್ತಿನಲ್ಲಿ, ಹೊರಟಿದ್ದೇವೆ ಎಂದು ಠಾಣೆಯಿಂದಲೇ ಫೋನು ಬಂತು. ಮಧ್ಯಾಹ್ನ ಒಂದು ಗಂಟೆಯೊಳಗೆ ಜೀಪು ಬಂತು. ಜೀಪಿನಲ್ಲಿ ಬಂದ ಈ ಠಾಣೆಯ ಸಾಹೇಬರಾದ ತಾವು ಕೇಳಿದ ಕೂಡಲೇ ಸೂಪರ್‌ವೈಸರ್ ಬೀಗ ತೆಗೆದನು.

ಭಾವ ಗೋಡೆ ಹಿಡಿದುಕೊಂಡು ಹೊರಗೆ ಬಂದ. ಅಂಗಿ ಮೈಗೆ ಅಂಟಿತ್ತು. ಬಂದವನೇ ಎಡಗೈ ಹೆಬ್ಬೆರಳು ಎತ್ತಿ ತೋರಿಸಿದ. ಮಸಿ ಇರಲಿಲ್ಲ.

"ಓದಿ ಹೇಳದೆ ಇರೋ ಕಾಗದಕ್ಕೆ ಒತ್ಬೇಡಿ ಅಂತ ನೀವೇ ಹೇಳಿದ್ರಲ್ಲಕ್ಕಾ" ಎಂದ.

"ಅಯ್ಯೋ, ಟ್ಯಾಂಕಿನ ಕಂಬಕ್ಕೆ ಒರಗಿ ನಿದ್ದೆ ಹೊಡೀತಿದ್ದೆ ನೀನು!" ಎಂದರು ಕೋರ್ಟಕ್ಕ.

"ಕಣ್ಣು ಮುಚ್ಚಿದ್ದೆ ಅಷ್ಟೇ. ಕಿವಿ ಮುಚ್ಚಿರ್ಲಿಲ್ಲ."

ಹೆಂಗಸರು ಗೊಳ್ಳೆಂದು ನಕ್ಕರು. ಕೋರ್ಟಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು.

ಭಾವನನ್ನು ಆಸ್ಪತ್ರೆಗೆ ಸೇರಿಸಿದೆವು. ಈಗ ಗಂಜಿ ಕುಡಿಯುತ್ತಿದ್ದಾನೆ. ತಂತಿ ಕಳುವಿನ ಬಗ್ಗೆಯೂ ತನಿಖೆಯಾಗಲಿ, ಕರೆದಾಗ ಬರುತ್ತೇನೆ ಎಂದು ಅವನೇ ವಕೀಲರ ಮುಂದೆ ಹೇಳಿರುತ್ತಾನೆ. ಅವನ ಪರವಾಗಿ ಸದರಿ ವಕೀಲರು ಬಿಡಿಗಾಸು ಪಡೆಯದೆ ನಿಲ್ಲುತ್ತಾರೆ.

ಸಂಜೆ ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಸೂಪರ್‌ವೈಸರನ ಹೆಂಡತಿ. ಗಂಡನನ್ನು ಠಾಣೆಯಲ್ಲಿ ಕೂರಿಸಿದ್ದಾರೆ, ತನಗೆ ಯಾರೂ ಗೊತ್ತಿಲ್ಲ ಎಂದು ಅಳುತ್ತಿದ್ದರು. ನಾನು ಎದ್ದು ಕಳಿಸಿಬಿಡೋಣವೆಂದು ಹೊರಟೆ. ಅಷ್ಟರಲ್ಲಿ ಕೋರ್ಟಕ್ಕ ಅವರನ್ನು ಬೆಂಚಿನ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡು, ಸಮಿತಿಯ ಕಚೇರಿ ಎಲ್ಲಿದೆ, ಯಾರನ್ನು ಕೇಳಬೇಕು ಎಂದು ವಿವರಿಸುತ್ತಿದ್ದರು. ಇವನಿಗೂ ಪುಕ್ಕಟೆ ವಕೀಲರೇ ಎಂದು ನಾನು ಕೇಳಿದೆ.

"ಬೇರೆ ವಕೀಲರು. ಆದ್ರೆ ಸಿಗ್ಲೇಬೇಕು ಕಣಪ್ಪಾ" ಎಂದರು. "ಇವತ್ತು ಇವಳಿಗೆ ಇಲ್ಲ ಅಂದ್ರೆ, ನಾಳೆ ನಿನ್ನ ತಂಗಿಗೂ ಇಲ್ಲ ಅನ್ನೋರು ಬರ್ತಾರೆ."

ನನಗೆ ಸಿಟ್ಟು ಇಳಿದಿರಲಿಲ್ಲ. ಈಗಲೂ ಪೂರ್ತಿ ಇಳಿದಿದೆ ಎಂದು ಹೇಳಲಾರೆ. ಆದರೆ ಇಂದು ಬೆಳಿಗ್ಗೆ ಇಲ್ಲಿಗೆ ಬರುವ ಮೊದಲು, ಸದರಿ ಹೆಂಗಸನ್ನು ನನ್ನ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಸಮಿತಿಯ ಕಚೇರಿಯ ಬಾಗಿಲಲ್ಲಿ ಇಳಿಸಿ ಬಂದಿರುತ್ತೇನೆ.

ಮೇಲೆ ಹೇಳಿದ್ದೆಲ್ಲ ನಾನೇ ಕಂಡದ್ದು, ಕೇಳಿದ್ದು. ಯಾರ ಒತ್ತಾಯಕ್ಕೂ ಹೇಳಿದ್ದಲ್ಲ. ಬರೆದುದನ್ನು ನನಗೆ ಪೂರ್ತಿ ಓದಿ ಹೇಳಲಾಯಿತು. ಒಂದು ಕಡೆ 'ಗಲಾಟೆ ಮಾಡುತ್ತಿದ್ದ ಹೆಂಗಸರು' ಎಂದು ಬರೆದಿದ್ದನ್ನು 'ಕೇರಿಯ ಹೆಂಗಸರು' ಎಂದು ತಿದ್ದಿಸಿ, ಸರಿಯಿದೆ ಎಂದು ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಘಟನೆಯ ಮಾರನೆಯ ದಿನ, ಬೆಳಿಗ್ಗೆ

ಹೇಳಿಕೆ ಕೊಟ್ಟವನ ಸಹಿ
(ವೆಲ್ಡಿಂಗ್ ಮಾವ)