ವಿಮಾನ ಇಳಿಸಿದ ಮೆಣಸಿನಕಾಯಿ ಸಾಹುಕಾರ

ಒಂದು ಪೇಟೆಯಲ್ಲಿ ಒಬ್ಬ ಮೆಣಸಿನಕಾಯಿ ಸಾಹುಕಾರನಿದ್ದ. ಮಾಲು ಎಷ್ಟು ಖಾರವೋ ಬಾಯಿಯೂ ಅಷ್ಟೇ ಖಾರ. ಅಡತಿ ಅಂಗಡಿಯ ಗಾದಿಯ ಮೇಲೆ ಕೂತು ಒಮ್ಮೆ ಕೂಗಿದರೆ ಹಮಾಲರು ಓಡುತ್ತಿದ್ದರು. ಎರಡನೇ ಸಲ ಕೂಗಿದರೆ ಗಿರಾಕಿಗಳೂ ಓಡುತ್ತಿದ್ದರು! ನಗಿ, ನಗಿ. ಪ್ರವಚನದಲ್ಲಿ ನಗಬಾರದೆಂದೇನಿಲ್ಲ. ನಿಮ್ಮ ಪಕ್ಕದಲ್ಲಿ ಕೂತವರು ಯಾಕೆ ನಗುತ್ತಿಲ್ಲ ಎಂದೂ ಸ್ವಲ್ಪ ನೋಡಿ.

ಇವನಿಗೊಬ್ಬ ಸೊಸೆ. ವಿಮಾನ ನಡೆಸಲು ಕಲಿಸುವ ಶಾಲೆಯಲ್ಲಿ ಪಾಠ ಹೇಳುವುದು ಅವಳ ನೌಕರಿ. ಅಲ್ಲಿ ವಿಮಾನ ಹಾರುವುದಿಲ್ಲ. ಒಂದು ಕೋಣೆ, ಕೋಣೆಯೊಳಗೆ ವಿಮಾನದ ಮೂತಿಯಂಥ ಪೆಟ್ಟಿಗೆ. ಒಳಗೆ ಕೂತರೆ ಮುಂದೆ ಆಕಾಶ, ಕೆಳಗೆ ಊರು, ಎಲ್ಲ ಪರದೆಯ ಮೇಲೆ. ಸಿಮ್ಯುಲೇಟರ್ ಎನ್ನುತ್ತಾರೆ. ಬಿದ್ದರೂ ಪ್ರಾಣ ಹೋಗುವುದಿಲ್ಲ, ಮಾನ ಮಾತ್ರ ಹೋಗುತ್ತದೆ.

ಸಾಹುಕಾರನಿಗೆ ಇದು ಸೇರಲಿಲ್ಲ. "ಹಾರದ ವಿಮಾನಕ್ಕ ಪಗಾರ ಕೊಡ್ತಾರಂತ! ಆಟ ಆಡಾಕ ನೌಕರಿ ಯಾಕವಾ? ಬಿಟ್ಟು ಮನ್ಯಾಗ ಕುಂದ್ರು" ಎಂದ. ಒಂದು ದಿನವೇ? ದಿನಾ ಎಂದ. ಊಟಕ್ಕೆ ಕೂತಾಗ ಎಂದ, ಕೈ ತೊಳೆಯುವಾಗಲೂ ಎಂದ.

ಕೊನೆಗೆ ಸೊಸೆ ಹೇಳಿದಳು: "ಮಾವಾರ, ಅದು ಆಟ ಇದ್ರ ನೀವು ಬಂದು ಇಳಸ್ರಿ. ನೆಟ್ಟಗ ಇಳಿಸಿದ್ರ ನಾಳಿಂದ ನೌಕರಿ ಬಿಡ್ತೀನಿ. ಬಿದ್ರ ಈ ಮಾತು ಮತ್ತ ಎತ್ತಬಾರದು."

ಸಾಹುಕಾರ ಹೊರಟ. ಬರಿಗೈಯಲ್ಲಿ ಹೊರಟನೇ? ಲಿಂಬೆಹಣ್ಣು ಹಿಡಿದು ಹೊರಟ. ಚಕ್ರದ ಕೆಳಗೆ ಇಡಬೇಕಲ್ಲ! ಪೆಟ್ಟಿಗೆಯ ಸುತ್ತ ಪ್ರದಕ್ಷಿಣೆ ಬಂದ. ಚಕ್ರವೇ ಸಿಗಲಿಲ್ಲ. ಹಣ್ಣನ್ನು ಜೇಬಿಗೆ ಹಾಕಿಕೊಂಡು ಒಳಗೆ ಕೂತ.

ಸೊಸೆ ಕೊಟ್ಟ ಪರೀಕ್ಷೆ ಏನು? ವಿಮಾನದ ಬಾಲಕ್ಕೆ ಪೆಟ್ಟು ಬಿದ್ದಿದೆ, ಹೈಡ್ರಾಲಿಕ್ ಎಣ್ಣೆಯೆಲ್ಲ ಸೋರಿಹೋಗಿದೆ. ನೋಡಿ, ಜೆಸಿಬಿಯ ಕೈ ಎತ್ತುವುದು ಕೊಳವೆಯೊಳಗಿನ ಎಣ್ಣೆಯ ಒತ್ತಡವಲ್ಲವೇ? ದೊಡ್ಡ ವಿಮಾನವನ್ನು ಏರಿಸುವುದೂ ಹೊರಳಿಸುವುದೂ ಅದೇ ಒತ್ತಡ. ಅದು ಹೋಯಿತೆಂದರೆ ಹಿಡಿಕೆ ಸತ್ತ ಹಾಗೆ. ಉಳಿಯುವುದು ಎರಡು ಎಂಜಿನ್ನುಗಳ ವೇಗ ಮಾತ್ರ. ಹೆಚ್ಚಿಸಿದರೆ ಮೂತಿ ಏಳಬೇಕು, ತಗ್ಗಿಸಿದರೆ ಬಾಗಬೇಕು.

"ಕೆಟ್ಟ ವಿಮಾನ ಕೊಡ್ತಿಯಲ್ಲವಾ!"

"ನಾ ಕಲಿಸೂದು ಅದನ್ನ ರೀ, ಮಾವಾರ."

ಮೂತಿ ಕೆಳಗೆ ಬಾಗುತ್ತಿತ್ತು. ಸಾಹುಕಾರ ಹಿಡಿಕೆ ಎಳೆದ. ಇನ್ನೂ ಬಾಗಿತು. ಜಗ್ಗಿ ಎಳೆದ. "ಏಳಲೇ ಮ್ಯಾಲೆ!" ಎಂದು ಕೂಗಿದ. ವಿಮಾನವೇನು ಹಮಾಲನೇ? ಎಂಜಿನ್ನಿಗೆ ಜೋರು ಕೊಟ್ಟ, ಏಳಲಿಲ್ಲ. ಮತ್ತೆ ಕೊಟ್ಟ, ಏಳಲಿಲ್ಲ. ಮತ್ತೂ ಕೊಟ್ಟ. ಆಗ ನೋಡಿ, ಕೊಟ್ಟದ್ದೆಲ್ಲ ಒಟ್ಟಿಗೆ ಬಂತು! ಮೂತಿ ಆಕಾಶಕ್ಕೆ ನೆಗೆಯಿತು. ಹೆದರಿ ಪೂರ್ತಿ ಇಳಿಸಿದ. ತುಸು ಹೊತ್ತಿಗೆ ಅದೂ ಬಂತು. ಮೂತಿ ನೆಲಕ್ಕೆ. ಪರದೆ ಕೆಂಪಾಯಿತು.

"ಒಂದು ಸಲಕ್ಕ ಏನ್ ತಿಳೀತದ? ಇನ್ನೊಮ್ಮೆ!"

ಸೊಸೆ ಗೆದ್ದಾಗಿತ್ತು. ಒಲ್ಲೆ ಎನ್ನಬಹುದಿತ್ತು. "ಆಗ್ಲಿರಿ, ಹಿಂದಿಂದು ಬಿಡ್ರಿ, ಪಂದ್ಯ ಇದಕ್ಕ" ಎಂದು ಪಕ್ಕದಲ್ಲಿ ಕೂತಳು. ಕೂತ ಮೇಲಾದರೂ ಸುಮ್ಮನಿರಬಹುದಿತ್ತಲ್ಲ? ಸುಮ್ಮನಿದ್ದರೆ ನೌಕರಿ ಉಳಿಯುತ್ತಿತ್ತು. ಆದರೆ ಕಲಿಸುವವರಿಗೆ ಬೀಳುವ ವಿಮಾನ ನೋಡುತ್ತ ಸುಮ್ಮನಿರಲು ಬರುವುದಿಲ್ಲ.

"ಎಂಜಿನ್ ಹಿಡಿಕಿ ಚೂರು ದಬ್ಬ್ರಿ ಮಾವಾರ. ಸಾಕು. ಕೈ ತಗೀರಿ."

"ಏನೂ ಆಗ್ಲಿಲ್ಲಲ್ಲ!"

"ಹೊರಟದರಿ, ಇನ್ನೂ ಮುಟ್ಟಿಲ್ಲ. ಸಾವಕಾಶ. ತಡೀರಿ."

ತಡೆದ. ಮೂತಿ ಮೆಲ್ಲಗೆ ಎದ್ದಿತು. ಎಡ ಎಂಜಿನ್ನಿಗೆ ಚೂರು, ತಡೆ. ವಿಮಾನ ಬಲಕ್ಕೆ ಹೊರಳಿತು. ಬಲ ಎಂಜಿನ್ನಿಗೆ ಚೂರು, ತಡೆ. ತಡೆತಡೆದು ಸಾಹುಕಾರ ಬೆವರಿಹೋದ. ಚೀಲ ಹೊತ್ತವರೂ ಅಷ್ಟು ಬೆವರಿರಲಿಕ್ಕಿಲ್ಲ. ಕೊನೆಗೆ ದಡಬಡ ಕುಣಿದು, ರನ್‌ವೇ ಮೇಲೆ ಓರೆಯಾಗಿ ಜಾರಿ, ವಿಮಾನ ನಿಂತಿತು.

ಸಾಹುಕಾರ ಗೆದ್ದ! ಸೊಸೆಯ ನೌಕರಿ ಹೋಯಿತು.

"ನಾಳಿಂದ..." ಎನ್ನಲು ಬಾಯಿ ತೆರೆದ. ಆದರೆ ಕೈಗೆ ಆಗತಾನೆ ತಡೆಯುವ ರೂಢಿ ಹತ್ತಿತ್ತಲ್ಲ, ನಾಲಿಗೆಯೂ ಒಂದು ಗಳಿಗೆ ತಡೆಯಿತು. ಆ ಗಳಿಗೆಯಲ್ಲಿ ಕಂಡ: ಸೊಸೆ ಇವನ ಮುಖ ನೋಡುತ್ತಿಲ್ಲ. ಇವನು ಕೆಡಿಸಿದ ಗುಂಡಿಗಳನ್ನು ಒಂದೊಂದಾಗಿ ಮೊದಲಿನಂತೆ ಮಾಡುತ್ತಿದ್ದಾಳೆ. ಬಾಗಿಲಲ್ಲಿ ಕಲಿಯುವವರು ಕಾದಿದ್ದಾರೆ. ನಾಳೆ ನಿಜವಾದ ವಿಮಾನದಲ್ಲಿ ಜನರನ್ನು ಹೊತ್ತು ಹಾರುವವರು. ಇವಳು ಹೋದರೆ ಇವರಿಗೆ 'ತಡೀರಿ' ಎನ್ನುವವರು ಯಾರು?

ಒಬ್ಬನೇ ಮನೆಗೆ ಬಂದ. ಹೆಂಡತಿ ಕೇಳಿದಳು: "ಗೆದ್ರೇನು?"

"ಗೆದ್ನಿ."

"ಹಂಗಾರ ಸೊಸಿ ಎಲ್ಲಿ?"

"ಕೆಲಸದಾಗ ಅದಾಳ. ನಾಳೆನೂ ಹೋಗ್ತಾಳ."

ಹೆಂಡತಿ ಬಾಯಿ ತೆರೆದಳು. "ತಡಿ" ಎಂದ ಸಾಹುಕಾರ. "ಹೊರಟದ. ಸ್ವಲ್ಪ ಹೊತ್ತಿಗೆ ನಿನಗೂ ಮುಟ್ಟತದ."

ಈಗ ನಿಮ್ಮ ಸರದಿ. ಬೆಳಿಗ್ಗೆ ಮಗನಿಗೆ ಒಂದು ಮಾತು ಹೇಳಿರುತ್ತೀರಿ. ಅದು ಹೊರಟಿರುತ್ತದೆ, ಮುಟ್ಟಿರುವುದಿಲ್ಲ. ಅಷ್ಟರಲ್ಲಿ ಎರಡನೆಯದು, ಮೂರನೆಯದು. ಪಲ್ಯಕ್ಕೆ ಹಾಕಿದ ಉಪ್ಪು ಕರಗುವ ಮೊದಲೇ ಇನ್ನೊಂದು ಹಿಡಿ! ಆಮೇಲೆ ಎಲ್ಲವೂ ಒಟ್ಟಿಗೆ ಮುಟ್ಟುತ್ತದೆ. ಅವನು ಬಾಗಿಲು ಬಡಿದು ಹೋಗುತ್ತಾನೆ. "ಎಷ್ಟು ಹೇಳಿದರೂ ಕೇಳುವುದಿಲ್ಲ" ಎನ್ನುತ್ತೀರಿ. ಅಷ್ಟು ಹೇಳಿದ್ದೇ ತಪ್ಪು ಸ್ವಾಮಿ! ಒಂದು ಮಾತು ಹೇಳಿ. ಚಿಕ್ಕದು ಹೇಳಿ. ಹೇಳಿ ತಡೆಯಿರಿ.

ದೂರ ಹೋಗುವುದು ಬೇಡ. ಈಗ ಪ್ರಸಾದಕ್ಕೆ ಏಳುತ್ತೀರಿ. ಪಂಕ್ತಿಯ ತುದಿಗೆ ಸಾರು ಬರುವುದು ತಡ. ಒಮ್ಮೆ ಕೇಳಿ. ಒಮ್ಮೆ ಮಾತ್ರ. ಸಾರು ಹೊರಟಿದೆ ಎಂದು ನಂಬಿ ಎಲೆ ನೋಡುತ್ತ ಕೂತಿರಿ. ಅಷ್ಟು ತಡೆಯಲಾರದವರು ಇವತ್ತು ಮನೆಗೆ ಹೋಗಿ ಯಾರಿಗೂ ಏನೂ ಹೇಳಬೇಡಿ.