‘ದಣಿವಿಲ್ಲದ ಹೆಣ್ಣು’ ಬಿಡುಗಡೆಯ ಸಭೆಯಲ್ಲಿ ಮಗಳ ಮಾತು

ಮಾನ್ಯ ಅಧ್ಯಕ್ಷರೇ, ಈ ಹೊಸ ಪುಸ್ತಕ ಬರೆದ, ಅಮ್ಮನ ಪುಸ್ತಕಗಳನ್ನು ಹೊರತರುವ ನಮ್ಮ ಸಂಘದ ಕಾರ್ಯದರ್ಶಿಗಳೇ, ಬಿಸಿಲಲ್ಲಿ ಗೇಟಿನ ಹತ್ತಿರ ಕಾದು, ಒಳಗೆ ಬಿಟ್ಟ ಕೂಡಲೇ ಫ್ಯಾನಿನ ಕೆಳಗಿನ ಕುರ್ಚಿಗಳನ್ನೇ ಹಿಡಿದ ಜಾಣ ಸಭಿಕರೇ, ಮತ್ತು ನನ್ನ ಬೆನ್ನ ಹಿಂದೆ, ಕೊಟ್ಟ ಹೂಗುಚ್ಛವನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡು ಕೂತಿರುವ ನನ್ನ ಅಮ್ಮನೇ, ಎಲ್ಲರಿಗೂ ವಂದನೆ.

ಮೈಕು ಕುಂಯ್ ಎನ್ನುತ್ತಿದೆ. ನಾನೇ ಅದನ್ನು ಸುಮ್ಮನೆ ಬಿಡುತ್ತಿಲ್ಲ, ಕ್ಷಮಿಸಿ. ಕಾರ್ಯದರ್ಶಿಗಳು ನನಗೆ ಎರಡು ಕೆಲಸ ಒಪ್ಪಿಸಿದ್ದಾರೆ. ಮೇಜಿನ ಮೇಲಿರುವ ಈ ಕಟ್ಟು ಬಿಚ್ಚಿ, ಅಮ್ಮನ ಬಗ್ಗೆ ಅವರು ಬರೆದಿರುವ ‘ದಣಿವಿಲ್ಲದ ಹೆಣ್ಣು’ ಪುಸ್ತಕವನ್ನು ಬಿಡುಗಡೆ ಮಾಡಬೇಕು. ಆಮೇಲೆ, ಅಮ್ಮ ಇನ್ನೂ ಐದು ಪುಸ್ತಕ ಬರೆದುಕೊಡಲು ಒಪ್ಪಿದ್ದಾರೆ ಎಂಬ ಸಂತೋಷದ ಸುದ್ದಿ ಹೇಳಬೇಕು. “ಐದು ನಿಮಿಷದ ಕೆಲಸ ಮೇಡಂ, ಮಗಳ ಬಾಯಿಂದ ಬಂದ್ರೆ ಒಂದು ತೂಕ” ಎಂದರು. ನಿನ್ನೆ ಮಧ್ಯಾಹ್ನದವರೆಗೆ ನನಗೂ ಹಾಗೆಯೇ ಅನಿಸಿತ್ತು. ಈಗ ಹಾಗೆ ಅನಿಸುತ್ತಿಲ್ಲ.

ಇನ್ನೊಂದು ಮಾತು. ವೇದಿಕೆಯ ಮೇಲೆ ಅಮ್ಮನನ್ನು ‘ಅವರು’ ಎನ್ನಬೇಕಂತೆ. ಹುಟ್ಟಿದಾಗಿನಿಂದ ‘ನೀನು’ ಎಂದವಳು ನಾನು. ಮಾತಿನ ನಡುವೆ ಬಹುವಚನ ಜಾರಿ ಹೋದರೆ ಅದನ್ನು ಅಗೌರವ ಎಂದುಕೊಳ್ಳಬೇಡಿ.

ಅಮ್ಮನ ಪುಸ್ತಕಗಳನ್ನು ನೀವು ಓದಿದ್ದೀರಿ. ಗಣಿಯ ಬಾಗಿಲಲ್ಲಿ ಚಹಾ ಮಾರುತ್ತಲೇ ಕೂಲಿ ಹೆಂಗಸರ ಸಂಘ ಕಟ್ಟಿದವಳ ಕಥೆ, ಗಂಡ ಬಿಟ್ಟು ಹೋದ ಲಾರಿಯನ್ನು ತಾನೇ ಓಡಿಸಿದವಳ ಕಥೆ, ಕಾಡಿನಂಚಿನ ಆದಿವಾಸಿ ಕೇರಿಗಳ ಎಷ್ಟೋ ಹೆಂಗಸರ ಕಥೆ. ಇವರ ಬಗ್ಗೆ ಯಾರೂ ಬರೆಯದಿದ್ದ ಕಾಲದಲ್ಲಿ ಅಮ್ಮ ಹೆಗಲಿಗೆ ಚೀಲ ಹಾಕಿಕೊಂಡು ಹೊರಟಳು. ಕೇರಿಯ ಮಕ್ಕಳು ಅವಳಿಗೆ ಚೀಲದಮ್ಮ ಎಂದು ಹೆಸರಿಟ್ಟರು. ಆ ಮಕ್ಕಳಿಗೆ ಚೀಲದಮ್ಮ ಬಂದಳು ಎಂದರೆ ಸಂಭ್ರಮ. ನಾನು ಮಾತ್ರ ಆ ಚೀಲ ಬಾಗಿಲ ಹಿಂದಿನ ಮೊಳೆಯಿಂದ ಕೆಳಗಿಳಿದರೆ ಅದರ ಪಟ್ಟಿ ಹಿಡಿದು ಜೋತು ಬೀಳುತ್ತಿದ್ದೆ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಇರಲಿ.

ಅಮ್ಮನಿಗೆ ಕೆಲಸದಲ್ಲಿ ಒಂದು ಹಟವಿತ್ತು. ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು, ಅದು ಯಾರ ಬದುಕೋ ಅವರ ಮನೆಗೇ ಹೋಗಿ, ಅವರ ಮುಂದೆ ಕೂತು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಿದ್ದಳು. ಅವರು ‘ಬೇಡ’ ಎಂದ ವಾಕ್ಯವನ್ನು ಅಲ್ಲೇ ಹೊಡೆದು ಹಾಕುತ್ತಿದ್ದಳು. ಯಾಕೆ ಎಂದು ಕೇಳುತ್ತಿರಲಿಲ್ಲ. ಇದಕ್ಕೆ ಅವಳು ಇಟ್ಟ ಹೆಸರು ‘ಓದಿ ಒಪ್ಪಿಸುವುದು’. ಹಾಗೆ ಒಪ್ಪಿಸದೆ ಒಂದೇ ಒಂದು ಪುಸ್ತಕವೂ ಹೊರಗೆ ಬಂದಿಲ್ಲ. ಒಮ್ಮೆ ಒಬ್ಬಾಕೆ ಪುಸ್ತಕದ ಅರ್ಧವನ್ನೇ ಬೇಡ ಎಂದುಬಿಟ್ಟರು. ಪ್ರೆಸ್ಸಿನವರು ತಲೆ ಚಚ್ಚಿಕೊಂಡರು. ಅಮ್ಮ ಮಾತ್ರ, “ಅವಳ ಬದುಕು, ಅವಳ ಕತ್ತರಿ” ಎಂದು ಉಳಿದರ್ಧವನ್ನೇ ಅಚ್ಚಿಗೆ ಕೊಟ್ಟಳು.

ರಜೆಯಲ್ಲಿ ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಮರ ಕಡಿಯಲು ಬಂದ ಲಾರಿಗಳ ಮುಂದೆ ಕೈ ಅಡ್ಡ ಹಿಡಿದು ನಿಂತ ಆದಿವಾಸಿ ಅಜ್ಜಿಯ ಮನೆ. ಅಜ್ಜಿ ಜೇನು ಸೋಸುತ್ತಾ ಕೂತಿದ್ದರು. ಅಮ್ಮ ಓದಿದಳು: ‘ಹೆದರಿಕೆ ಎಂಬುದೇ ಈಕೆಗೆ ಗೊತ್ತಿಲ್ಲ.’ ಅಜ್ಜಿಯ ಕೈ ನಿಂತಿತು. “ಯಾರವ್ವ ಅವಳು?” ಎಂದರು. ಅಮ್ಮ, “ನೀವೇ ಅಲ್ವಾ ಅಜ್ಜಿ?” ಎಂದಳು. “ನಾನಲ್ಲ ಬಿಡು. ನಾನು ಹೆದರಿ ನಿಂತಲ್ಲೇ ಉಚ್ಚೆ ಹೊಯ್ಕೊಂಡಿದ್ದೆ. ಒದ್ದೆ ಬಟ್ಟೇಲೇ ಸಂಜೆ ತನಕ ನಿಂತಿದ್ದೆ. ಅದನ್ನ ಬರಿ. ನೀನು ಹೀಗೆ ಬರೆದ್ರೆ ನಾಳೆ ನನ್ನ ಮೊಮ್ಮಗಳು, ‘ಅಜ್ಜಿ ಹೆದರ್ಲಿಲ್ಲ, ನಂಗೆ ಮಾತ್ರ ಕಾಲು ನಡುಗುತ್ತೆ’ ಅಂತ ಮನೇಲೇ ಕೂರ್ತಾಳೆ.” ನಾನು ಕಿಸಕ್ಕೆಂದು ನಕ್ಕುಬಿಟ್ಟೆ. ಅಮ್ಮ ನಗಲಿಲ್ಲ. ಪೆನ್ನು ತೆಗೆದು ಆ ವಾಕ್ಯ ಹೊಡೆದು ಹಾಕಿದಳು.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಬಂದೆ ಸಾರ್, ನಿಮ್ಮ ಪುಸ್ತಕದ ಹತ್ತಿರವೇ ಬಂದೆ.

ಈ ಪುಸ್ತಕವನ್ನು ಅಮ್ಮನಿಗೆ ಯಾರು ಓದಿ ಒಪ್ಪಿಸಿದರು? ಯಾರೂ ಇಲ್ಲ. ನನಗೊಂದು ಪ್ರತಿ ಮೊದಲೇ ಕೊಟ್ಟು, “ಅಮ್ಮನಿಗೆ ಸರ್‌ಪ್ರೈಸ್ ಇರ್ಲಿ ಮೇಡಂ” ಎಂದಿದ್ದರು ಕಾರ್ಯದರ್ಶಿಗಳು. ಪ್ರೀತಿಯಿಂದಲೇ ಎಂದರು, ಅದರಲ್ಲಿ ಅನುಮಾನವಿಲ್ಲ. ಪುಸ್ತಕವೂ ಚೆನ್ನಾಗಿದೆ, ಓದುತ್ತಾ ನಾನೇ ಎರಡು ಕಡೆ ಕಣ್ಣೊರೆಸಿಕೊಂಡೆ. ಆದರೂ ನಿನ್ನೆ ಮಧ್ಯಾಹ್ನ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಪುಸ್ತಕ ಹಿಡಿದು ಅಡುಗೆಮನೆಗೆ ಹೋದೆ. ಅಮ್ಮ ನನ್ನ ಮಕ್ಕಳ ಶಾಲೆಯ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. “ಕೇಳು” ಎಂದು ಓದತೊಡಗಿದೆ.

ಹುಟ್ಟಿದ ಊರು, ಓದು, ಮದುವೆ, ಅಪ್ಪನ ಸಾವು, ಎಲ್ಲಕ್ಕೂ ತಲೆಯಾಡಿಸಿದಳು. ಒಂದು ಕಡೆ ನಕ್ಕಳು ಕೂಡ. ಪುಸ್ತಕದ ನಡುವಿಗೆ ಬಂದಾಗ ಒಂದು ವಾಕ್ಯವಿತ್ತು: ‘ದಣಿವು ಎಂಬುದು ಈ ತಾಯಿಯ ಹತ್ತಿರ ಸುಳಿಯಲಿಲ್ಲ, ಸುಳಿಯುವುದೂ ಇಲ್ಲ.’

ಅಮ್ಮ ಹಲ್ಲಿನಿಂದ ದಾರ ಕಡಿದಳು. “ಇದು ಬೇಡ” ಎಂದಳು.

ನಾನು, “ಯಾಕಮ್ಮಾ, ಹೊಗಳಿದ್ದಾರಲ್ಲ” ಎಂದೆ. ಅವಳು ನಲವತ್ತು ವರ್ಷ ಯಾರನ್ನೂ ಕೇಳದ ‘ಯಾಕೆ’ಯನ್ನು ನಾನು ಅವಳನ್ನು ಕೇಳಿದೆ. ಅಂಗಿ ಮಡಚಿಡುತ್ತಾ ಹೇಳಿದಳು: “ಸುಸ್ತಾಗಿದೆ ಕಣೇ. ತುಂಬ ದಿನದಿಂದ ಆಗಿದೆ. ಯಾರಿಗೆ ಹೇಳ್ಲಿ ಅಂತ ಗೊತ್ತಾಗ್ಲಿಲ್ಲ.”

ಸಭಿಕರೇ, ನಾನು ಫಿಸಿಯೋಥೆರಪಿಸ್ಟ್. ದಿನವಿಡೀ ಪರಿಚಯವಿಲ್ಲದವರ ಭುಜ ಹಿಡಿದು, ಮಂಡಿ ಮಡಿಸಿ, “ಎಲ್ಲಿ ನೋವು ಹೇಳಿ, ನಾಚಿಕೆ ಬೇಡ” ಎನ್ನುವುದು ನನ್ನ ಹೊಟ್ಟೆಪಾಡು. ಮನೆಯಲ್ಲಿ ಅಮ್ಮ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲವೇ? ಬಿದ್ದಿತ್ತು. ನಮ್ಮಮ್ಮ ಗಟ್ಟಿಗಿತ್ತಿ, ಅವಳಿಗೇನಾಗುತ್ತೆ ಎಂದುಕೊಂಡು ಮುಂದೆ ಹೋಗುತ್ತಿದ್ದೆ. ನಿನ್ನೆ ಅವಳು ಸುಸ್ತು ಎಂದಾಗ ನನ್ನ ತಲೆಗೆ ಮೊದಲು ಬಂದದ್ದು ಏನು ಗೊತ್ತೇ? ಹಾಗಾದರೆ ಸೋಮವಾರದಿಂದ ಮಕ್ಕಳನ್ನು ಶಾಲೆಯಿಂದ ಯಾರು ಕರೆತರುತ್ತಾರೆ?

ನಗಬೇಡಿ. ಸರಿ, ನಕ್ಕುಬಿಡಿ. ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿದವರು ಯಾರೆಂದೂ ನನಗೆ ಕಾಣುತ್ತಿದೆ. ನೀವೂ ಅಮ್ಮನಿಗೆ ಕೆಲಸ ಹೇಳಿದವರೇ ಅಲ್ಲವೇ, ಭಾವ?

ಗಟ್ಟಿಗಿತ್ತಿ! ಎಂಥ ಚೆಂದದ ಮಾತು ಅಲ್ಲವೇ? ಒಬ್ಬಳನ್ನು ಗಟ್ಟಿಗಿತ್ತಿ ಎಂದು ಕರೆದುಬಿಟ್ಟರೆ ಅವಳ ಚೀಲವನ್ನು ನಾವು ಎತ್ತಿಕೊಳ್ಳಬೇಕಾಗಿಲ್ಲ. ಗಟ್ಟಿಗಿತ್ತಿ ಎಂದು ಪುಸ್ತಕ ಬರೆದರೆ ಇನ್ನೂ ಐದು ಪುಸ್ತಕ ಕೇಳಬಹುದು. ಅಧ್ಯಕ್ಷರು ನಗುತ್ತಿದ್ದಾರೆ. ಸಾರ್, ನಾನು ತಮಾಷೆ ಮಾಡುತ್ತಿಲ್ಲ. ಹೆಂಗಸರ ಶಕ್ತಿಯ ಬಗ್ಗೆ ಪುಸ್ತಕಗಳು ಬರಲಿ, ಕಪಾಟು ತುಂಬ ಬರಲಿ. ಅಮ್ಮ ಬರೆದ ಯಾವ ಹೆಂಗಸೂ ಸುಳ್ಳಲ್ಲ, ಅವರ ಶಕ್ತಿಯೂ ಸುಳ್ಳಲ್ಲ. ಆ ಲಾರಿಗಳು ಹಿಂದಕ್ಕೆ ಹೋದದ್ದು ನಿಜ. ಆದರೆ ಆ ಅಜ್ಜಿಯ ಮೊಮ್ಮಗಳಿಗೆ ಒದ್ದೆ ಬಟ್ಟೆಯ ಸಂಗತಿಯೂ ಗೊತ್ತು. ನನ್ನ ಮಗಳಿಗೆ ಅವಳಜ್ಜಿಯ ಬಗ್ಗೆ ಏನು ಗೊತ್ತಾಗಬೇಕು? ದಣಿಯದ ಯಂತ್ರವೊಂದು ಮನೆಯಲ್ಲಿತ್ತು ಎಂದೇ? ನಾಳೆ ನಾನು ದಣಿದರೆ ನನ್ನಲ್ಲೇ ಏನೋ ಕೊರತೆ ಎಂದುಕೊಳ್ಳಬೇಕೇ? ಮುಂದೆ ನನ್ನ ಮಗಳು ದಣಿದರೆ?

ರಾತ್ರಿಯಿಡೀ ಇದೇ ಯೋಚನೆ. ಬೆಳಿಗ್ಗೆ ಕಾರಿನಲ್ಲಿ ಅಮ್ಮನನ್ನು ಕೇಳಿದೆ, “ಐದು ಪುಸ್ತಕಕ್ಕೆ ಒಪ್ಪಿಕೊಂಡಿದ್ದೀಯಂತೆ?” ಎಂದು. “ಅವರು ಕೇಳಿದ್ರು, ನಾನು ಸುಮ್ನಿದ್ದೆ. ಇಷ್ಟು ವರ್ಷ ಇಲ್ಲ ಅಂದವಳಲ್ಲ, ಈಗ ಬಾಯಿಗೆ ಬರಲ್ಲ. ನೀನೇ ಏನಾದ್ರೂ ಹೇಳು” ಎಂದು ಕಿಟಕಿಯ ಕಡೆ ತಿರುಗಿಕೊಂಡಳು. ಇಷ್ಟು ಜನ ಅಕ್ಕರೆಯಿಂದ ಬಂದಿದ್ದೀರಿ, ಹಾಲ್ ಸಿಂಗರಿಸಿದ್ದೀರಿ. ಇಂಥ ಸಭೆಯಲ್ಲಿ ‘ಇಲ್ಲ’ ಎನ್ನುವುದು ಎಷ್ಟು ಕಷ್ಟ ಎಂದು ಈಗ ತಿಳಿಯುತ್ತಿದೆ. ಅವಳು ಹೇಗೆ ಹೇಳಿಯಾಳು?

ಆದ್ದರಿಂದ ಕೇಳಿ. ಈ ಕಟ್ಟನ್ನು ನಾನು ಬಿಚ್ಚುವುದಿಲ್ಲ. ಕಾರ್ಯದರ್ಶಿಗಳೇ, ಸಿಟ್ಟಾಗಿ, ಪರವಾಗಿಲ್ಲ. ನಾಳೆ ನಾನೇ ಪ್ರೆಸ್ಸಿಗೆ ಬಂದು ನಿಮ್ಮ ಜೊತೆ ಕೂರುತ್ತೇನೆ. ಆ ವಾಕ್ಯ ಹೋಗಲಿ, ಪುಸ್ತಕಕ್ಕೆ ಬೇರೆ ಹೆಸರು ಬರಲಿ, ಆಮೇಲೆ ಬಿಡುಗಡೆ ಮಾಡೋಣ. ಇನ್ನು ಎರಡನೆಯ ಸುದ್ದಿ. ಐದು ಪುಸ್ತಕಗಳನ್ನು ಅಮ್ಮ ಬರೆಯುವುದಿಲ್ಲ. ಒಂದನ್ನೂ ಬರೆಯುವುದಿಲ್ಲ. ಅವಳು ಕೆಲಸ ಬಿಟ್ಟಿದ್ದಾಳೆ. ನನ್ನ ಮಕ್ಕಳನ್ನು ಕರೆತರುವ ಕೆಲಸವನ್ನೂ ಬಿಟ್ಟಿದ್ದಾಳೆ. ಅದು ಅವಳಿಗಿನ್ನೂ ಗೊತ್ತಿಲ್ಲ, ಇದೀಗ ಹೇಳುತ್ತಿದ್ದೇನೆ. ಹಿಂದಿನ ಸಾಲಿನಲ್ಲಿ ಅವಳಿಂದಲೇ ಕಲಿತ ಹುಡುಗಿಯರು ಕೂತಿದ್ದೀರಿ. ಬರೆಯುವುದಾದರೆ ನೀವು ಬರೆಯಿರಿ, ಓದಿ ಒಪ್ಪಿಸಿ, ದಣಿದಾಗ ದಣಿದೆವು ಎನ್ನಿ. ಅಮ್ಮಾ, ಇಷ್ಟು ಸಾಕೇ? ನಾನು ಹೇಳಿದ್ದು ಸರಿಯೇ…

ಅಯ್ಯೋ.

ಚಪ್ಪಾಳೆ ಬೇಡ. ದಯವಿಟ್ಟು, ಯಾರೂ ಚಪ್ಪಾಳೆ ತಟ್ಟಬೇಡಿ. ಗಾಬರಿಯಾಗಬೇಡಿ, ಏನೂ ಆಗಿಲ್ಲ. ಸಣ್ಣಗೆ ಗೊರಕೆ ಕೇಳುತ್ತಿದೆ, ಅಷ್ಟೇ. ಯಾವಾಗ ನಿದ್ದೆ ಹೋದಳೋ ನನಗೂ ಗೊತ್ತಾಗಲಿಲ್ಲ. ನನ್ನ ಅಮ್ಮ ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ನಾನು ಇವತ್ತೇ ನೋಡುತ್ತಿರುವುದು. ಅಧ್ಯಕ್ಷರೇ, ತಮ್ಮ ಭಾಷಣವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣವೇ? ಬಂದವರಿಗೆಲ್ಲ, ಹಾಲ್ ಕೊಟ್ಟವರಿಗೆ, ಸಿಟ್ಟು ನುಂಗಿಕೊಂಡು ಕೂತಿರುವ ಕಾರ್ಯದರ್ಶಿಗಳಿಗೆ ಕೃತಜ್ಞತೆಗಳು. ಕುರ್ಚಿ ಎಳೆಯದೆ, ಸದ್ದಿಲ್ಲದೆ ಪಕ್ಕದ ಬಾಗಿಲಿನಿಂದ ಹೊರಡಿ. ಮೈಕಿನವರೇ, ಇದನ್ನು ಆಫ್ ಮಾಡಿಬಿಡಿ. ನಮಸ್ಕಾರ.