ಹನ್ನೊಂದನೆಯ ಕೂಗು

ಹೇಳಿಕೆ ಕೊಡುತ್ತಿರುವ ನನ್ನ ಹೆಸರು ನಿನ್ನೆಯ ಹೇಳಿಕೆಯಲ್ಲಿ ಇದ್ದಂತೆ. ವಯಸ್ಸು 42 ವರ್ಷ, ಬಸ್ ಡಿಪೋದಲ್ಲಿ ಟೈಮ್ ಕೀಪರ್ ಕೆಲಸ, ವಾಸ ಡಿಪೋ ಹಿಂದಿನ ನೌಕರರ ವಸತಿಗೃಹ, ಎರಡನೇ ಮಹಡಿ, ಮೆಟ್ಟಿಲ ಪಕ್ಕದ ಮನೆ. ಈ ದಿನ ಸೋಮವಾರ ಬೆಳಿಗ್ಗೆ 9.40ಕ್ಕೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವ ಸಂಗತಿ ಏನೆಂದರೆ:

ನಿನ್ನೆ ಸಂಜೆ 7.50ಕ್ಕೆ ಇದೇ ಮೇಜಿನ ಮುಂದೆ ನಾನು ಕೊಟ್ಟ ಹೇಳಿಕೆಯಲ್ಲಿ ಒಂದು ಮಾತು ಸುಳ್ಳು. ಅದನ್ನು ನಂಬಿ ಹುಡುಕುವ ತಂಡದವರು ಇಂದು ಬೆಳಿಗ್ಗೆ 6 ಗಂಟೆಯಿಂದ ಬೆಟ್ಟದ ಮೂರನೇ ನೆತ್ತಿಯ ಕಡೆ ಹುಡುಕುತ್ತಿದ್ದಾರೆ. ಹುಡುಕಬೇಕಾದದ್ದು ಎರಡನೇ ನೆತ್ತಿಯಲ್ಲಿ. ಇದನ್ನು ಬಾಗಿಲಲ್ಲೇ ಇನ್ಸ್‌ಪೆಕ್ಟರ್ ಸಾಹೇಬರಿಗೆ ಹೇಳಿದೆ. ಒಂಬತ್ತು ಜನ ಕಿವಿಯಾರೆ ಕೇಳಿದ್ದನ್ನು ನಿಮ್ಮೊಬ್ಬರ ಮಾತಿಗೆ ತಳ್ಳಿಹಾಕೋಕೆ ಆಗಲ್ಲ, ಕಾರಣ ಬರೆಸಿ, ಆಮೇಲೆ ತಂಡ ತಿರುಗಿಸೋಣ ಎಂದರು. ಹವಾಲ್ದಾರರು ಮೊದಲಿಂದ ಕ್ರಮವಾಗಿ ಹೇಳಿ ಎಂದು ಕುರ್ಚಿ ಕೊಟ್ಟರು. ನನಗೆ ಕೂರಲು ಆಗುತ್ತಿಲ್ಲ, ನಿಂತೇ ಹೇಳುತ್ತಿದ್ದೇನೆ.

ಕಾಣೆಯಾಗಿರುವವನು ನನ್ನ ಹೆಂಡತಿಯ ಅಣ್ಣ. ವಯಸ್ಸು 42, ಹೊಲಿಗೆ ಯಂತ್ರ ರಿಪೇರಿ ಕೆಲಸ, ಎತ್ತರ 5 ಅಡಿ 6 ಅಂಗುಲ, ದಪ್ಪ ಮೈ, ನೀಲಿ ಅಂಗಿ, ದಪ್ಪ ದನಿ. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಈಗ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತೇವೆ. ಅವನು ಮನೆಗೆ ಬಂದರೆ ಅವನಿಗಿಂತ ಮೊದಲು ಅವನ ನಗು ಮೆಟ್ಟಿಲು ಹತ್ತುತ್ತದೆ. ತಿಂಗಳಿಗೊಮ್ಮೆ ಬೆಟ್ಟ ಹತ್ತುವ ತಂಡಕ್ಕೆ ನಾನು ನಾಲ್ಕು ವರ್ಷದಿಂದ ಹೋಗುತ್ತಿದ್ದೇನೆ. ಅಣ್ಣನನ್ನೂ ಕರ್ಕೊಂಡು ಹೋಗಿ, ಹೊಟ್ಟೆ ಸ್ವಲ್ಪ ಕರಗಲಿ ಎಂದು ನನ್ನ ಹೆಂಡತಿ ಹೇಳಿದ್ದರಿಂದ ಈ ಸಲ ಅವನೂ ಬಂದ. ಅವನಿಗೆ ಇದೇ ಮೊದಲು.

ನಿನ್ನೆ ಭಾನುವಾರ ಬೆಳಿಗ್ಗೆ 6.10ಕ್ಕೆ ಬೆಟ್ಟದ ಬುಡದ ಗೇಟಿನಿಂದ ಹೊರಟೆವು. ಒಟ್ಟು 11 ಜನ. ಮೂರು ನೆತ್ತಿ ದಾಟಿ ಆ ಕಡೆ ಇಳಿಯಲು 17 ಕಿಲೋಮೀಟರ್. ದಾರಿ ಎನ್ನುವುದು ನಮ್ಮ ಸಮಾಧಾನಕ್ಕೆ. ಎರಡು ಮಳೆಗಾಲ ಯಾರೂ ಕಾಲಿಡದೆ ಜರಿಗಿಡ ತಲೆಗಿಂತ ಎತ್ತರ ಬೆಳೆದಿತ್ತು, ಅದರ ಮೇಲೆ ಬಳ್ಳಿ ಹೆಣೆದುಕೊಂಡಿತ್ತು. ಮೂರು ಮಾರು ಮುಂದಿರುವವರ ಬೆನ್ನು ಕಾಣುತ್ತಿರಲಿಲ್ಲ. ತಂಡದ ಮುಖ್ಯಸ್ಥರು ಶಾಲೆಯೊಂದರ ಡ್ರಿಲ್ ಮೇಷ್ಟ್ರು. ಅವರು ಮುಂದೆ ಮಚ್ಚಿನಿಂದ ಸವರುತ್ತಾ ಹೋದರೆ ನಾವು ಹಿಂದೆ ನುಸುಳಬೇಕು. ಹೀಗಾಗಿ ಎಣಿಕೆ ಕಣ್ಣಿನಿಂದಲ್ಲ, ಕಿವಿಯಿಂದ. ಮೇಷ್ಟ್ರು ಸೀಟಿ ಊದಿ ಒಂದು ಎನ್ನುತ್ತಾರೆ, ಹಿಂದಿನವರು ಸಾಲಾಗಿ ತಮ್ಮ ತಮ್ಮ ನಂಬರ್ ಕೂಗಬೇಕು. ನನ್ನದು ಹತ್ತು, ಭಾವನದು ಹನ್ನೊಂದು. ಅವನ ಹಿಂದೆ ಯಾರೂ ಇಲ್ಲ. ನಿಮ್ಮ ಭಾವ, ನಿಮ್ಮ ಜವಾಬ್ದಾರಿ ಎಂದು ಮೇಷ್ಟ್ರು ಗೇಟಿನಲ್ಲೇ ಎಲ್ಲರೆದುರು ಹೇಳಿದ್ದರು.

8.30ಕ್ಕೆ ಮೊದಲನೇ ನೆತ್ತಿಯಲ್ಲಿ ಎಣಿಕೆಯಾಯಿತು, 11 ಸರಿ. 11.15ಕ್ಕೆ ಎರಡನೇ ನೆತ್ತಿಯ ಆರಂಭದಲ್ಲಿ ಎಣಿಕೆಯಾಯಿತು, 11 ಸರಿ, ಆದರೆ ಭಾವನಿಗಾಗಿ ಎಲ್ಲರೂ 14 ನಿಮಿಷ ಕಾದರು. ಅವನು ಬಂದವನೇ, ನೀವು ನಿಂತಿದ್ದು ನನಗಲ್ಲ, ನಿಮ್ಮ ಸುಸ್ತಿಗೆ, ನನ್ನ ಹೆಸರು ಯಾಕೆ ಹೇಳ್ತೀರಿ ಎಂದ. ಇಬ್ಬರು ನಕ್ಕರು, ಉಳಿದವರು ಗಡಿಯಾರ ನೋಡಿದರು.

12.40ಕ್ಕೆ ಬಂಡೆಯೊಂದರ ಮೇಲೆ ಊಟಕ್ಕೆ ಕೂತೆವು. ಭಾವ ಬೂಟು ಬಿಚ್ಚಿದ. ಎಡಗಾಲಿನ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತ್ತು, ಕಾಲ್ಚೀಲದೊಳಗೆ ನಾಲ್ಕು ಜಿಗಣೆ. ಮೋಡ ಕಟ್ಟುತ್ತಿತ್ತು. ನಾಲ್ಕಕ್ಕೆ ಮುಂಚೆ ಮೂರನೇ ನೆತ್ತಿ ದಾಟ್ಬೇಕು, ಇನ್ನೊಂದ್ಸಲ ಲೇಟಾದ್ರೆ ಮುಂದಿನ ತಿಂಗಳಿಂದ ಇಬ್ಬರೂ ಬರೋದು ಬೇಡ ಎಂದು ಮೇಷ್ಟ್ರು ನನಗೆ ಹೇಳಿದರು. ನಾನು ಭಾವನಿಗೆ, ನಿನ್ನ ಕರ್ಕೊಂಡು ಬಂದು ನನ್ನ ಮರ್ಯಾದೆ ಹೋಯ್ತು ಎಂದೆ. ಅವನು, ಮರ್ಯಾದೇನ ಬ್ಯಾಗ್‌ನಲ್ಲಿಟ್ಟುಕೊಂಡು ಯಾಕೋ ಬಂದೆ ಭಾವ, ಮನೇಲಿ ಬಿಟ್ಟು ಬರೋದಲ್ವಾ ಎಂದು ನಕ್ಕ. ನಾನು ನಗಲಿಲ್ಲ. ಅವನ ಬುತ್ತಿಯಲ್ಲಿ ಉಳಿದದ್ದನ್ನು ನನ್ನ ಕಡೆ ತಳ್ಳಿದ, ಅದನ್ನೂ ಮುಟ್ಟಲಿಲ್ಲ.

1.35ಕ್ಕೆ ನೆತ್ತಿ ಸ್ವಲ್ಪ ತಗ್ಗಾಗುವ ಕಡೆ ಭಾವ ಲೇಸು ಕಟ್ಟಲು ಬಗ್ಗಿದ. ನಡಿ ನಡಿ, ಹಿಂದೇನೇ ಬಂದೆ ಎಂದ. ಅಲ್ಲಿ ಎಡಕ್ಕೆ ಕಾಡುಪ್ರಾಣಿಗಳು ಓಡಾಡಿ ಆದ ಇನ್ನೊಂದು ಸಂದು ಇಳಿಯುತ್ತದೆ. ನಮ್ಮ ದಾರಿಗಿಂತ ಅದೇ ಅಗಲ. ನಾನು ಅದನ್ನು ನೋಡಿದೆ. ಎಡಕ್ಕೆ ಬರಬೇಡ ಎಂದು ಒಂದು ಮಾತು ಹೇಳಬಹುದಿತ್ತು, ಸಿಟ್ಟಿನಲ್ಲಿದ್ದುದರಿಂದ ಹೇಳಲಿಲ್ಲ. ನಾನು ಭಾವನನ್ನು ಕಣ್ಣಾರೆ ಕಂಡದ್ದು ಅದೇ ಕೊನೆ.

2.10ಕ್ಕೆ ಸುಮಾರು 600 ಮೀಟರ್ ಮುಂದೆ, ಕಪ್ಪು ಬಂಡೆಯ ಹತ್ತಿರ ಸೀಟಿ ಕೇಳಿಸಿತು. ಒಂದು, ಎರಡು ಎಂದು ಕೂಗು ನನ್ನ ಕಡೆ ಬರತೊಡಗಿತು. ನಾನು ಹಿಂತಿರುಗಿ ನೋಡಿದೆ. ಜರಿಗಿಡ ಅಲ್ಲಾಡುತ್ತಿರಲಿಲ್ಲ. ನಾನು ಹತ್ತು ಎಂದೆ. ಹಿಂದೆ ಸದ್ದಿಲ್ಲ. ಆಗ ನಾನು ಗದ್ದ ಎದೆಗೆ ಒತ್ತಿಕೊಂಡು, ಭಾವನ ದಪ್ಪ ದನಿಯಲ್ಲಿ ಹನ್ನೊಂದು ಎಂದು ಕೂಗಿದೆ. ಅದನ್ನು ಭಾವನೇ ಕೂಗಿದ ಎಂದು ನಿನ್ನೆ ಬರೆಸಿದೆ, ಅದೇ ಆ ಸುಳ್ಳು.

ಯಾಕೆ ಎಂದು ಹವಾಲ್ದಾರರು ಕೇಳಿದ್ದಕ್ಕೆ ಹೇಳುತ್ತೇನೆ. ಐದು ನಿಮಿಷದಲ್ಲಿ ಬಂದು ಸೇರುತ್ತಾನೆ, ಅಷ್ಟಕ್ಕೆ ಮತ್ತೆ ಯಾಕೆ ಮಾತು ಕೇಳಬೇಕು ಎನಿಸಿತು. ಕಾಲೇಜಿನಲ್ಲಿ ಎರಡು ವರ್ಷ ನನ್ನ ಹಾಜರಿಯನ್ನು ಅವನೇ ಕೂಗುತ್ತಿದ್ದ, ಒಮ್ಮೆಯೂ ಸಿಕ್ಕಿಬಿದ್ದವನಲ್ಲ. ಅವನ ದನಿ ತೆಗೆಯುವುದು ನನಗೂ ಬರುತ್ತದೆ. ಬಾಯಿಗೆ ಬಂದುಬಿಟ್ಟಿತು.

3.05ಕ್ಕೆ ಮೂರನೇ ನೆತ್ತಿಯ ಬುಡದ ಬಯಲಿಗೆ ಬಂದಾಗ ಎಲ್ಲರೂ ಕಣ್ಣಿಗೆ ಕಂಡೆವು. ಹತ್ತೇ ಜನ. ಕಪ್ಪು ಬಂಡೆ ಹತ್ರ ಕೂಗಿದ್ರಲ್ಲ, ಅಲ್ಲಿಂದ ಈಚೆಗೇ ಎಲ್ಲೋ ತಪ್ಪಿರಬೇಕು ಎಂದು ಮೇಷ್ಟ್ರು ಹೇಳಿದರು. ನಾನು ಹೌದು ಎಂದೆ. ಕಪ್ಪು ಬಂಡೆಯಿಂದ ಈಚೆಗೆ 5.20ರವರೆಗೆ ಕೂಗುತ್ತಾ ಹುಡುಕಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು. ಬಂಡೆ ದಾಟಿ ಹಿಂದಕ್ಕೆ ಹೋಗೋಣ ಎಂದು ಎರಡು ಸಲ ಬಾಯಿ ತೆರೆದೆ, ಯಾಕೆ ಎಂದು ಕೇಳಿದರೆ ಏನು ಹೇಳಲಿ ಎಂದು ಮುಚ್ಚಿಕೊಂಡೆ. ಮಳೆ ಶುರುವಾಯಿತು, ಇಳಿದೆವು.

ಇಂದು ಬೆಳಿಗ್ಗೆ 8.45ಕ್ಕೆ ನಮ್ಮ ಅಡುಗೆಮನೆಯಲ್ಲಿ ಹೆಂಡತಿ, ಅಣ್ಣ ಕೂಗಿದ್ದನ್ನ ನೀವೇ ಕೇಳಿಸ್ಕೊಂಡ್ರಾ ಎಂದು ಕೇಳಿದಳು. ಅವಳಿಗೆ ಸುಳ್ಳು ಹೇಳಲು ಆಗಲಿಲ್ಲ. ಅವಳು ಅಳಲಿಲ್ಲ. ಅಣ್ಣ ನಿಮ್ಮ ಹಾಜರಿ ಕೂಗ್ತಿದ್ದಾಗ ನೀವು ಕ್ಯಾಂಟೀನ್‌ನಲ್ಲಿ ಕೂತಿದ್ದೀರಿ ಅಂತ ಅವನಿಗೆ ಗೊತ್ತಿರ್ತಿತ್ತು, ಅವನು ಎಲ್ಲಿದ್ದಾನೆ ಅಂತ ನಿಮಗೆ ಗೊತ್ತಿತ್ತಾ ಎಂದಳು. ಒಲೆ ಆರಿಸಿ, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಈಗ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ, ನನಗೆ ಅದೂ ಇನ್ನೊಬ್ಬರು ಹೇಳಿದ ಮೇಲೆ ಬಂತು.

ಇಲ್ಲಿಗೆ ಹೇಳಿಕೆ ಮುಗಿಯಿತು ಎಂದೆ. ಹವಾಲ್ದಾರರು 10.25ಕ್ಕೆ ಓದಿ ಹೇಳಿದರು. ಎಲ್ಲ ಸರಿ ಇದೆಯಾ ಎಂದು ಕೇಳಿದರು. ಪೆನ್ನು ಕೈಗೆ ತೆಗೆದುಕೊಂಡು ಮತ್ತೆ ಮೇಜಿನ ಮೇಲಿಟ್ಟೆ. ಸೇರಿಸಿ ಹೇಳುವುದು ಇದೆ. ಇದನ್ನು ಹೆಂಡತಿಗೂ ಹೇಳಿಲ್ಲ.

2.10ಕ್ಕೆ ನಾನು ಹನ್ನೊಂದು ಎಂದು ಕೂಗಿ ಬಾಯಿ ಮುಚ್ಚುವಷ್ಟರಲ್ಲಿ, ನನ್ನ ಬೆನ್ನ ಹಿಂದೆ ಎಡಗಡೆಯ ಕೆಳಗಿನಿಂದ ಇನ್ನೊಂದು ಹನ್ನೊಂದು ಕೇಳಿಸಿತು. ಸಣ್ಣದಾಗಿ, ಬಹಳ ದೂರದಿಂದ. ಮುಂದಿನಿಂದ ಮೇಷ್ಟ್ರು, ಯಾರ್ರೀ ಅದು ಎರಡೆರಡು ಸಲ ಕೂಗೋದು ಎಂದರು. ಅವನ ದನಿ ಎಂದು ಒಪ್ಪಿದರೆ ಮೊದಲು ಕೂಗಿದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ನಾನು, ಬೆಟ್ಟ ಅಲ್ವಾ ಸಾರ್, ಪ್ರತಿಧ್ವನಿ ಎಂದೆ. ಎಲ್ಲರೂ ಮುಂದಕ್ಕೆ ನಡೆದರು. ನಾನೂ ನಡೆದೆ.

ಒಂದರಿಂದ ಹತ್ತರವರೆಗೆ ಯಾರ ಕೂಗಿಗೂ ಪ್ರತಿಧ್ವನಿ ಬಂದಿರಲಿಲ್ಲ.

ಆ ದನಿ ಬಂದ ದಿಕ್ಕನ್ನು ಕಪ್ಪು ಬಂಡೆಯ ಬಳಿ ನಿಂತು ಬೆರಳಿಟ್ಟು ತೋರಿಸಬಲ್ಲೆ. ಈಗ ಹೊರಡುವ ಜೀಪಿನಲ್ಲಿ ನನ್ನನ್ನೂ ಕರೆದುಕೊಂಡು ಹೋಗಬೇಕು ಎಂದು ಕೇಳಿಕೊಳ್ಳುತ್ತೇನೆ. ಆಮೇಲೆ ನನ್ನ ಮೇಲೆ ಏನು ಕ್ರಮ ತೆಗೆದುಕೊಂಡರೂ ತಕರಾರಿಲ್ಲ.

ಮೇಲಿನದನ್ನು ಎರಡನೇ ಸಲ ಓದಿಸಿ ಕೇಳಿದ್ದೇನೆ. ಬಾಗಿಲು ತೆರೆದಿತ್ತು, ಹೊರಗಿನ ಬೆಂಚಿಗೂ ಕೇಳಿಸಿದೆ. ಈಗ ಇದರಲ್ಲಿ ಬಿಟ್ಟದ್ದು ಏನೂ ಇಲ್ಲ.

ಸ್ಥಳ: ಠಾಣೆ
ದಿನ: ಸೋಮವಾರ, ಬೆಳಿಗ್ಗೆ 10.41
ಸಹಿ: (ಹೇಳಿಕೆ ಕೊಟ್ಟವನು)